ಬಿಟ್‌ಕಾಯಿನ್ ನಮ್ಮ ಹುಡುಗರಿಗೆ ಸ್ವಾತಂತ್ರ್ಯ ಕೊಡುತ್ತದೆಯೇ?



ಮಧ್ಯಾಹ್ನದ ಗಿರಾಕಿ ಕಡಿಮೆಯಾಗಿ ಹುಡುಗರು ಊಟಕ್ಕೆ ಕೂತಾಗ ಈಗ ಕ್ರಿಕೆಟ್ಟಿನ ಜೊತೆಗೆ ಬಿಟ್‌ಕಾಯಿನ್ ಮಾತೂ ಕೇಳಿಬರುತ್ತದೆ. ಮೊಬೈಲಿನಲ್ಲೇ ಕೊಳ್ಳಬಹುದು, ಬ್ಯಾಂಕಿನ ಹಂಗಿಲ್ಲ, ಬಡವನಿಗೂ ಆರ್ಥಿಕ ಸ್ವಾತಂತ್ರ್ಯ ಸಿಗುತ್ತದೆ ಎಂಬ ಪ್ರಚಾರ ಅವರನ್ನು ಮುಟ್ಟಿದೆ. ಹುಡುಗ ಅಡ್ವಾನ್ಸ್ ಕೇಳಿದರೆ ಅದು ಊರಿನ ಮನೆ ರಿಪೇರಿಗೋ ಕಾಯಿನ್ ಕೊಳ್ಳಲೋ ಎಂದು ನಾವು ವಿಚಾರಿಸಬೇಕಾದ ಕಾಲ ಬಂದಿದೆ. ಆದ್ದರಿಂದ ಈ ಬಗ್ಗೆ ನಮ್ಮ ಅಭಿಪ್ರಾಯ ಹೇಳಬಯಸುತ್ತೇವೆ.

ಬಿಟ್‌ಕಾಯಿನ್ ಶುರುವಾದದ್ದು 2009ರ ಜನವರಿಯಲ್ಲಿ. ಇದಕ್ಕೆ ರಿಸರ್ವ್ ಬ್ಯಾಂಕಿನಂಥ ಯಜಮಾನನಿಲ್ಲ. ಲೆಕ್ಕದ ಪುಸ್ತಕ ಲೋಕದ ಸಾವಿರಾರು ಕಂಪ್ಯೂಟರುಗಳಲ್ಲಿರುತ್ತದೆ. ಒಟ್ಟು 2 ಕೋಟಿ 10 ಲಕ್ಷಕ್ಕಿಂತ ಹೆಚ್ಚು ಕಾಯಿನ್ ಬರದಂತೆ ನಿಯಮವಿದೆ. ನೋಟಿನ ಬೆಲೆಯೇ ಕುಸಿದುಹೋದ ವೆನೆಜುವೆಲಾದಂಥ ದೇಶದವರಿಗೆ ಇದು ಆಸರೆ ಎನಿಸಿದರೆ ತಪ್ಪಲ್ಲ. ನಮ್ಮ ಬ್ಯಾಂಕುಗಳು ಕೈಕೊಡುವುದೇ ಇಲ್ಲ ಎಂದೂ ಹೇಳುವಂತಿಲ್ಲ. 2019ರ ಸೆಪ್ಟೆಂಬರಿನಲ್ಲಿ ಪಿಎಂಸಿ ಬ್ಯಾಂಕಿನ ಖಾತೆದಾರರಿಗೆ ಮೊದಲು ಬರೇ ಸಾವಿರ ರೂಪಾಯಿ ತೆಗೆಯಲು ಬಿಟ್ಟದ್ದನ್ನು ಮುಂಬಯಿಯವರಾದ ನಾವು ಮರೆತಿಲ್ಲ.

ಆದರೆ ಹಣ ಎಂದ ಮೇಲೆ ಕೊಡಲು, ತೆಗೆದುಕೊಳ್ಳಲು ಬರಬೇಕು. ಬಿಟ್‌ಕಾಯಿನ್ ವ್ಯವಹಾರ ಅದರ ಪುಸ್ತಕಕ್ಕೆ ಸೇರಲು ಸುಮಾರು 10 ನಿಮಿಷ ಬೇಕು. ಅಷ್ಟರಲ್ಲಿ ಕಟಿಂಗ್ ಚಹಾ ಕುಡಿದ ಗಿರಾಕಿ ಲೋಕಲ್ ಹಿಡಿದು ಹೋಗಿರುತ್ತಾನೆ. ಎಲ್ ಸಾಲ್ವಡಾರ್ ದೇಶ 2021ರ ಸೆಪ್ಟೆಂಬರಿನಲ್ಲಿ ಇದನ್ನು ಅಧಿಕೃತ ಹಣವೆಂದು ಸಾರಿತು. 2025ರಲ್ಲಿ, ಅಂಗಡಿಯವರು ತೆಗೆದುಕೊಳ್ಳಲೇಬೇಕೆಂಬ ಕಡ್ಡಾಯವನ್ನು ಕೈಬಿಟ್ಟಿತು. ನಮ್ಮಲ್ಲಿ 2016ರಲ್ಲಿ ಬಂದ ಯುಪಿಐ ಹತ್ತು ರೂಪಾಯಿ ಚಹಾಕ್ಕೂ ಸಾಕಾಗಿದೆ.

ಇನ್ನು ಬೆಲೆಯ ಮಾತು. 2021ರ ನವೆಂಬರಿನಲ್ಲಿ ಒಂದು ಬಿಟ್‌ಕಾಯಿನ್ 69 ಸಾವಿರ ಡಾಲರಿನ ಹತ್ತಿರ ಹೋಗಿತ್ತು. ಒಂದೇ ವರ್ಷದಲ್ಲಿ 16 ಸಾವಿರದ ಆಸುಪಾಸಿಗೆ ಇಳಿಯಿತು. ಲಕ್ಷ ರೂಪಾಯಿ ಹಾಕಿದವನಿಗೆ ಉಳಿದದ್ದು ಸುಮಾರು 25 ಸಾವಿರ. 2024ರ ಡಿಸೆಂಬರಿನಲ್ಲಿ ಅದೇ ಕಾಯಿನ್ ಲಕ್ಷ ಡಾಲರ್ ದಾಟಿತು, ಕಾದವರು ಗೆದ್ದರು ಎಂದು ಕೆಲವರು ವಾದಿಸುತ್ತಾರೆ. ಸತ್ಯ. ಆದರೆ ಕಾಯುವ ಶಕ್ತಿ ಯಾರಿಗಿದೆ? ಊರಿನಲ್ಲಿ ತಂದೆ ಆಸ್ಪತ್ರೆ ಸೇರಿದರೆ, ತಂಗಿಯ ಮದುವೆ ನಿಶ್ಚಯವಾದರೆ ನಮ್ಮ ಹುಡುಗ ಆ 25 ಸಾವಿರವನ್ನೇ ತೆಗೆಯಬೇಕು. ಮೂರು ವರ್ಷ ಕಾಯಬಲ್ಲವನಿಗೆ ಸ್ವಾತಂತ್ರ್ಯ ಮೊದಲೇ ಇದೆ, ಕಾಯಿನ್ ಕೊಟ್ಟದ್ದಲ್ಲ.

ಕಾನೂನಿನ ಲೆಕ್ಕವನ್ನೂ ನೋಡೋಣ. 2022ರ ಏಪ್ರಿಲ್ 1ರಿಂದ ಇದರ ಲಾಭಕ್ಕೆ ಶೇ. 30 ತೆರಿಗೆ. ಒಂದು ಕಾಯಿನ್ನಿನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಸಂಬಳ ತೆರಿಗೆಯ ಮಿತಿಯ ಕೆಳಗಿದ್ದರೂ ವಿನಾಯಿತಿ ಇಲ್ಲ. ಬ್ಯಾಂಕ್ ಮುಳುಗಿದರೆ 5 ಲಕ್ಷದವರೆಗೆ ಠೇವಣಿ ವಿಮೆ ಇದೆ, ಕಾಯಿನ್ನಿಗೆ ಅದಿಲ್ಲ. 2024ರ ಜುಲೈಯಲ್ಲಿ ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಬೆಲೆಯ ಕಾಯಿನ್ ಕಳವಾದಾಗ, ಗ್ರಾಹಕರು ತಮ್ಮ ಕಾಯಿನ್ನಿಗಾಗಿ ವರ್ಷಕ್ಕೂ ಮಿಕ್ಕಿ ಕಾದರು. ತಿಂಗಳಿಗೆ ಶೇ. 10 ಲಾಭವೆಂದು ಆಸೆ ತೋರಿಸಿದ ಗೇನ್‌ಬಿಟ್‌ಕಾಯಿನ್ ವಂಚನೆಯಲ್ಲಿ ಪುಣೆ ಪೊಲೀಸರು 2018ರಲ್ಲಿ ಬಂಧನ ಮಾಡಿದ್ದರು. ತಿಂಗಳಿಗೆ ಶೇ. 10 ಉಳಿಯುವ ಹೋಟೆಲ್ ನಿಮ್ಮಲ್ಲಿ ಯಾರಾದರೂ ನಡೆಸುತ್ತಿದ್ದೀರಾ?

ಬಡವನ ಹಣದ ಸ್ವಾತಂತ್ರ್ಯ ಎಂದರೇನೆಂದು ನಮ್ಮ ಉಡುಪಿಯವರಿಗೆ ಬೇರೆಯವರು ಕಲಿಸಬೇಕಾಗಿಲ್ಲ. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಶುರುಮಾಡಿ, ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಉಳಿತಾಯವನ್ನೂ ಸಂಗ್ರಹಿಸಿತು. ಅದರಿಂದ ಯಾರೂ ರಾತ್ರೋರಾತ್ರಿ ಶ್ರೀಮಂತರಾಗಲಿಲ್ಲ. ಆದರೆ ಕಷ್ಟ ಬಂದ ದಿನ ಸಾಹುಕಾರನ ಬಾಗಿಲಿಗೆ ಹೋಗುವುದು ತಪ್ಪಿತು. ನಮ್ಮ ಪಾಲಿಗೆ ಸ್ವಾತಂತ್ರ್ಯ ಎಂದರೆ ಇದೇ.

ಹುಡುಗರಿಗೆ ಬೇಡ ಎಂದಷ್ಟೇ ಹೇಳಿ ಕಳಿಸಿದರೆ ಅವರು ಕೇಳುವುದಿಲ್ಲ. ಸಂಬಳವನ್ನು ಅವರ ಖಾತೆಗೇ ಹಾಕೋಣ. 20 ಜನರಿದ್ದಲ್ಲಿ ಪಿಎಫ್ ಕಾನೂನೇ ಆಗಿದೆ, ಅದನ್ನು ತಪ್ಪಿಸುವುದು ಬೇಡ. ಅಂಚೆ ಕಚೇರಿಯಲ್ಲಿ ತಿಂಗಳಿಗೆ ನೂರು ರೂಪಾಯಿಯ ಆರ್‌ಡಿ ಮಾಡಿಸೋಣ. ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ, 436 ರೂಪಾಯಿಯ ಜೀವನ್ ಜ್ಯೋತಿ ಬಿಮಾ ಎರಡಕ್ಕೂ ಫಾರ್ಮ್ ತುಂಬಿಸಿ ಕೊಡೋಣ. ಇಷ್ಟಾದ ಮೇಲೂ ಆಸೆ ಉಳಿದರೆ, ಹೋದರೆ ಹೋಗಲಿ ಎನ್ನುವಷ್ಟು ಹಣ ಹಾಕಲಿ. ಸಾಲ ಮಾಡಿ, ಅಡ್ವಾನ್ಸ್ ಪಡೆದು ಹಾಕುವುದು ಬೇಡವೇ ಬೇಡ ಎಂದು ಮನೆಯ ಹಿರಿಯರಂತೆ ಬುದ್ಧಿ ಹೇಳೋಣ. ಮಗನ ವಯಸ್ಸಿನ ಹುಡುಗನನ್ನು ನಮ್ಮನ್ನು ನಂಬಿ ಕಳಿಸಿದ ಊರಿನ ತಂದೆತಾಯಿಗೆ ನಾವು ಇಷ್ಟಾದರೂ ಮಾಡಬೇಕು.