ತಿರಸ್ಕೃತ ಅರ್ಜಿ ಮುಂದಿನ ಪ್ರಬಂಧಕ್ಕೆ ಪಾಠವಾದೀತೇ?

ಚೀವನಿಂಗ್, ಫುಲ್‌ಬ್ರೈಟ್-ನೆಹರು ಮುಂತಾದ ವಿದ್ಯಾರ್ಥಿವೇತನಗಳಿಗೆ ಅರ್ಜಿ ಹಾಕಿ 'ವಿಷಾದಿಸುತ್ತೇವೆ' ಎಂಬ ಇಮೇಲ್ ಪಡೆದವರಲ್ಲಿ ಅನೇಕರು ಮರುವರ್ಷ ಹಳೆಯ ಪ್ರಬಂಧವನ್ನೇ ಮುಂದಿಟ್ಟುಕೊಂಡು ಕೂರುತ್ತಾರೆ. ಸೋತ ಪ್ರಬಂಧ ಗೆಲ್ಲುವ ಪ್ರಬಂಧವನ್ನು ಕಲಿಸುತ್ತದೆಯೇ? ಹೌದು ಎನ್ನುತ್ತಾರೆ ತುಮಕೂರಿನ ಒಬ್ಬ ಇಂಗ್ಲಿಷ್ ಅಧ್ಯಾಪಕಿ. ಇಲ್ಲ ಎನ್ನುತ್ತಾರೆ ಸ್ವಯಂಸೇವಾ ಸಂಸ್ಥೆಯೊಂದರಲ್ಲಿ ಕೆಲಸ ಮಾಡುವ ಅವರ ಪರಿಚಿತರು.

ಪರ: ಆರಿದ ಮೇಲೆಯೇ ತಪ್ಪು ಕಾಣುವುದು

ಹಳೆಯ ವಿದ್ಯಾರ್ಥಿಗಳು ಅರ್ಜಿ ತಂದು 'ಮೇಡಂ, ಸ್ವಲ್ಪ ನೋಡಿಕೊಡಿ' ಅನ್ನುವುದು ನನಗೆ ರೂಢಿಯಾಗಿದೆ. ಮೊದಲ ಸಲ ಬರೆದ ಪ್ರಬಂಧಗಳಲ್ಲಿ ಹೆಚ್ಚಿನವಕ್ಕೆ ಒಂದೇ ಕಾಯಿಲೆ. ಬರೆದವರ ಹೆಸರು ಅಳಿಸಿ ಇನ್ನೊಬ್ಬರ ಹೆಸರು ಹಾಕಿದರೂ ಒಂದಕ್ಷರ ಬದಲಿಸಬೇಕಾಗಿಲ್ಲ. ಚಿಕ್ಕಂದಿನಿಂದ ಸಮಾಜಸೇವೆಯ ಹಂಬಲ, ಕಷ್ಟಪಟ್ಟು ಓದಿದ್ದು, ದೇಶಕ್ಕೆ ಏನಾದರೂ ಮಾಡಬೇಕೆಂಬ ಆಸೆ, ಎಲ್ಲವೂ ನಿಜ, ಯಾವುದೂ ಕಣ್ಣಿಗೆ ಕಟ್ಟುವುದಿಲ್ಲ. ಗಡುವಿನ ಹಿಂದಿನ ರಾತ್ರಿ ಬರೆಯುವವರಿಗೆ ಇದು ಗೊತ್ತಾಗುವುದೂ ಇಲ್ಲ. ಮನಸ್ಸಿನಲ್ಲಿರುವುದೆಲ್ಲ ಪುಟದ ಮೇಲೂ ಬಂದಿದೆ ಎಂದೇ ಅವರು ನಂಬಿರುತ್ತಾರೆ.

ಪಾವಗಡದ ಕಡೆ ಕುಡಿಯುವ ನೀರಿನ ಕೆಲಸ ಮಾಡುವ ಒಬ್ಬ ಹುಡುಗಿ ಚೀವನಿಂಗ್‌ಗೆ ಅರ್ಜಿ ಹಾಕಿದ್ದಳು. 1983ರಲ್ಲಿ ಬ್ರಿಟಿಷ್ ಸರ್ಕಾರ ಶುರುಮಾಡಿದ ಈ ವಿದ್ಯಾರ್ಥಿವೇತನ ಪದವಿಯ ನಂತರ ಕನಿಷ್ಠ 2 ವರ್ಷ ಕೆಲಸದ ಅನುಭವ ಕೇಳುತ್ತದೆ. ನಾಯಕತ್ವ, ಜನರೊಂದಿಗೆ ಸಂಬಂಧ ಬೆಳೆಸುವ ಬಗೆ, ಓದಲು ಬ್ರಿಟನ್ನೇ ಏಕೆ, ಮುಂದಿನ ವೃತ್ತಿ ಯೋಜನೆ, ಹೀಗೆ ಒಂದೊಂದಕ್ಕೂ ಪ್ರತ್ಯೇಕ ಉತ್ತರ ಬರೆಯಬೇಕು. ನಾಯಕತ್ವದ ಬಗ್ಗೆ ಅವಳ ಮೊದಲ ವಾಕ್ಯ ಹೀಗಿತ್ತು: 'ಗ್ರಾಮೀಣ ಸಮುದಾಯಗಳ ಸಬಲೀಕರಣಕ್ಕಾಗಿ ನಾವು ಅವಿರತ ಶ್ರಮಿಸಿದ್ದೇವೆ.' ಸಂದರ್ಶನಕ್ಕೆ ಕರೆ ಬರಲಿಲ್ಲ.

ಮರುವರ್ಷ ಅದೇ ಪುಟವನ್ನು ಅವಳೇ ಪೆನ್ಸಿಲ್ ಹಿಡಿದು ಓದಿದಳು. 'ಯಾವ ಊರು? ನಾವು ಅಂದರೆ ಯಾರು? ನಾನೇನು ಮಾಡಿದೆ?' ಎಂದು ಅಂಚಿನಲ್ಲಿ ಬರೆದಳು. ಆಮೇಲೆ ಬಂದದ್ದು ಬೇರೆಯೇ ಪ್ರಬಂಧ. ಫ್ಲೋರೈಡ್ ನೀರಿನ ಊರು. ಅಲ್ಲಿನ ಶುದ್ಧ ನೀರಿನ ಘಟಕದ ಮೆಂಬ್ರೇನ್ ಕೆಟ್ಟು ಬೀಗ ಬಿದ್ದಿದೆ. ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುತ್ತಿದ್ದ ಹೆಂಗಸರು ಮತ್ತೆ ಬೋರ್‌ವೆಲ್ಲಿನ ನೀರಿಗೇ ಮರಳಿದ್ದಾರೆ. ಇವಳು ಸ್ವಸಹಾಯ ಸಂಘದವರನ್ನು ಕರೆದುಕೊಂಡು ಪಿಡಿಒ ಹತ್ತಿರ ಹೋಗುತ್ತಾಳೆ, ವಿಷಯ ಗ್ರಾಮಸಭೆಗೆ ಬರುತ್ತದೆ, ಘಟಕದ ಲೆಕ್ಕದ ಪುಸ್ತಕ ಸಂಘದ ಕೈಗೆ ಸೇರುತ್ತದೆ. ವಹಿವಾಟು ನಮಗೆ ಬೇಡವೇ ಬೇಡ ಎಂದು ಹಟ ಹಿಡಿದಿದ್ದ ಸಂಘದ ಅಧ್ಯಕ್ಷೆಯನ್ನು ಒಪ್ಪಿಸಿದ ಬಗೆಯೂ ಅದರಲ್ಲಿತ್ತು. ಈ ಸಲ ಸಂದರ್ಶನದ ಕರೆ ಬಂತು.

ಮಾಡಿದ್ದನ್ನು ಹೇಳಿಕೊಳ್ಳಬಾರದು, ತನ್ನ ಬೆನ್ನು ತಾನೇ ತಟ್ಟಿಕೊಳ್ಳಬಾರದು ಎಂದೇ ನಮ್ಮ ಮನೆಗಳಲ್ಲಿ ಮಕ್ಕಳನ್ನು ಬೆಳೆಸುತ್ತೇವೆ. ಒಳ್ಳೆಯ ಗುಣವೇ. ಆದರೆ ಆಯ್ಕೆ ಸಮಿತಿಯವರು ನಿಮ್ಮ ಊರಿನವರಲ್ಲ, ನೀವು ಹೇಳದಿದ್ದರೆ ಅವರಿಗೆ ತಿಳಿಯುವ ದಾರಿ ಇಲ್ಲ. ಆ ಸಂಕೋಚ ಬಿಡಿಸಲು ನಾನು ತರಗತಿಯಲ್ಲಿ ಎಷ್ಟು ಹೇಳಿದರೂ ಆಗದ್ದು ಒಂದು ತಿರಸ್ಕಾರದಿಂದ ಆಗುವುದನ್ನು ಕಂಡಿದ್ದೇನೆ.

ಇದು ನನ್ನೊಬ್ಬಳ ಅನಿಸಿಕೆಯಲ್ಲ. ಅಮೆರಿಕದ ಎನ್‌ಐಎಚ್ ಸಂಸ್ಥೆಯ ಸಂಶೋಧನಾ ಅನುದಾನಕ್ಕೆ 1990ರಿಂದ 2005ರ ನಡುವೆ ಅರ್ಜಿ ಹಾಕಿದ ಕಿರಿಯ ವಿಜ್ಞಾನಿಗಳ ಅಧ್ಯಯನವೊಂದು 2019ರಲ್ಲಿ 'ನೇಚರ್ ಕಮ್ಯುನಿಕೇಷನ್ಸ್' ಪತ್ರಿಕೆಯಲ್ಲಿ ಬಂತು. ಕೂದಲೆಳೆಯಲ್ಲಿ ಅನುದಾನ ತಪ್ಪಿಸಿಕೊಂಡವರನ್ನೂ ಕೂದಲೆಳೆಯಲ್ಲಿ ಗೆದ್ದವರನ್ನೂ ಹೋಲಿಸಿದ ಅಧ್ಯಯನ ಅದು. ಸೋತರೂ ಕ್ಷೇತ್ರದಲ್ಲೇ ಉಳಿದವರ ಸಂಶೋಧನಾ ಪ್ರಬಂಧಗಳು ಮುಂದೆ ಗೆದ್ದವರವಕ್ಕಿಂತ ಹೆಚ್ಚು ಪ್ರಭಾವ ಬೀರಿದ್ದವು.

ವಿರೋಧ: ಕಾರಣ ಹೇಳದ ಪತ್ರ ಪಾಠ ಹೇಳಲಾರದು

ಮೇಡಂ ಉಲ್ಲೇಖಿಸಿದ ಅಧ್ಯಯನದಿಂದಲೇ ಶುರುಮಾಡುತ್ತೇನೆ. ಸೋತವರಲ್ಲಿ ಒಂದು ಪಾಲು ಜನ ಎನ್‌ಐಎಚ್ ವ್ಯವಸ್ಥೆಯಿಂದಲೇ ಕಾಣೆಯಾದರು ಎಂದೂ ಅದು ಹೇಳುತ್ತದೆ. ಅಂಥದೊಂದು ಸೋಲಿನ ಬೆಲೆ ಹೀಗೆ ಕಾಯಂ ಹೊರಬೀಳುವ ಶೇ 10ಕ್ಕೂ ಹೆಚ್ಚಿನ ಸಂಭವ. ಬಿಟ್ಟುಹೋದವರನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಉಳಿದವರ ಮುನ್ನಡೆ ಪೂರ್ತಿ ಅಳಿಯುವುದಿಲ್ಲ ಎಂದು ಸಂಶೋಧಕರು ಬರೆದಿದ್ದಾರೆ, ಒಪ್ಪುತ್ತೇನೆ. ಆದರೆ ಅಲ್ಲಿ ಸೋತವರ ಕೈಗೆ ವಿಮರ್ಶಕರು ಬರೆದ ಟಿಪ್ಪಣಿ ಸಿಗುತ್ತದೆ. ಮತ್ತೆ ಅರ್ಜಿ ಹಾಕುವಾಗ ಆ ಆಕ್ಷೇಪಗಳಿಗೆ ಒಂದು ಪುಟದ ಉತ್ತರ ಬರೆಯಲು ಜಾಗವೂ ಇದೆ. ಪಾವಗಡದ ಹುಡುಗಿಗೆ ಸಿಕ್ಕಿದ್ದು 'ಅರ್ಜಿಗಳ ಸಂಖ್ಯೆ ಬಹಳ ಹೆಚ್ಚಿತ್ತು' ಎಂಬ ಅರ್ಥದ ನಾಲ್ಕು ಸಾಲು.

ಆ ನಾಲ್ಕು ಸಾಲಿನಿಂದ ಏನು ಕಲಿಯಬೇಕು? ಪ್ರಬಂಧ ಚೆನ್ನಾಗಿರಲಿಲ್ಲವೋ, ಆರಿಸಿಕೊಂಡ ಕೋರ್ಸ್ ಹೊಂದಲಿಲ್ಲವೋ, ಆ ವರ್ಷ ಅವಳದೇ ಕ್ಷೇತ್ರದ ಇನ್ನಷ್ಟು ಅನುಭವಿಗಳು ಅರ್ಜಿ ಹಾಕಿದ್ದರೋ, ಗೊತ್ತಾಗುವುದಿಲ್ಲ. ಕೆಲವೊಮ್ಮೆ ಓದಿದವರು ಯಾರು ಎಂಬುದರ ಮೇಲೂ ಫಲಿತಾಂಶ ನಿಂತಿರುತ್ತದೆ. 2014ರಲ್ಲಿ ನಿಪ್ಸ್ ಎಂಬ ದೊಡ್ಡ ಕಂಪ್ಯೂಟರ್ ವಿಜ್ಞಾನ ಸಮ್ಮೇಳನದವರು 166 ಸಂಶೋಧನಾ ಪ್ರಬಂಧಗಳನ್ನು ಪರಸ್ಪರ ಸಂಬಂಧವಿಲ್ಲದ ಎರಡು ಸಮಿತಿಗಳಿಗೆ ಕೊಟ್ಟು ನೋಡಿದರು. ಸುಮಾರು ಕಾಲು ಭಾಗದ ಪ್ರಬಂಧಗಳ ಬಗ್ಗೆ ಎರಡೂ ಸಮಿತಿಗಳ ತೀರ್ಮಾನ ಬೇರೆಬೇರೆಯಾಗಿತ್ತು. ಒಂದು ಸಮಿತಿ ಒಪ್ಪಿಕೊಂಡ ಪ್ರಬಂಧಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಇನ್ನೊಂದು ಬೇಡವೆಂದಿತ್ತು. ಸೂತ್ರ, ಕೋಷ್ಟಕ, ಪುರಾವೆ ಎಲ್ಲ ಇರುವ ಬರಹದ ಗತಿಯೇ ಹೀಗಾದರೆ, ತನ್ನ ಬದುಕಿನ ಬಗ್ಗೆ ಒಬ್ಬಳು ಬರೆದ ಪುಟದ ಗತಿಯೇನು?

ಕಾರಣ ತಿಳಿಯದವರು ಊಹೆಗೆ ಇಳಿಯುತ್ತಾರೆ, ಗೆದ್ದವರ ಪ್ರಬಂಧ ಹುಡುಕುತ್ತಾರೆ. ಬ್ರಿಟನ್ನಿನ ವಿಶ್ವವಿದ್ಯಾಲಯಗಳ ಪ್ರವೇಶ ನೋಡಿಕೊಳ್ಳುವ ಯುಕಾಸ್ ಸಂಸ್ಥೆಗೆ ಬಂದ ಅರ್ಜಿಗಳನ್ನು 2007ರಲ್ಲಿ ನಕಲು ಪತ್ತೆಹಚ್ಚುವ ತಂತ್ರಾಂಶದಲ್ಲಿ ಪರೀಕ್ಷಿಸಿದಾಗ 234 ಮಂದಿ ಒಂದೇ ಕಥೆ ಹೇಳಿದ್ದರು. ಬಾಲ್ಯದಲ್ಲಿ ರಸಾಯನ ವಿಜ್ಞಾನದ ಆಟಿಕೆ ಪೆಟ್ಟಿಗೆಯಿಂದ ಪೈಜಾಮ ಸುಟ್ಟುಕೊಂಡ ಕಥೆ. ಅವರೆಲ್ಲ ಮೋಸಗಾರರೆಂದು ನಾನು ಹೇಳುವುದಿಲ್ಲ. ಏನು ಬೇಕೆಂದು ಯಾರೂ ತಿಳಿಸದೆ ಹೋದಾಗ ಹೆದರಿದ ಹುಡುಗರು ನಡೆದ ದಾರಿಯನ್ನೇ ಹಿಡಿಯುತ್ತಾರೆ. ತಿರಸ್ಕಾರದ ನಂತರ ಆ ಹೆದರಿಕೆ ಹೆಚ್ಚುತ್ತದೆ. ನನ್ನ ಜೊತೆ ಕೆಲಸ ಮಾಡುವ ಹುಡುಗರ ಎರಡನೆಯ ಅರ್ಜಿಗಳನ್ನು ಓದಿದ್ದೇನೆ. ಮೊದಲನೆಯದರಲ್ಲಿ ತಡವರಿಸುತ್ತಲಾದರೂ ಸ್ವಂತ ದನಿ ಇತ್ತು. ಎರಡನೆಯದರಲ್ಲಿ ಕನ್ಸಲ್ಟೆನ್ಸಿಯವರ ಭಾಷೆ ಬಂದು ಕೂತಿತ್ತು.

ಇನ್ನು ಆ ಹುಡುಗಿಯ ಮಾತು. ಘಟಕದ ಲೆಕ್ಕ ಸಂಘದ ಕೈಗೆ ಬಂದದ್ದು ಎರಡು ಅರ್ಜಿಗಳ ನಡುವಿನ ವರ್ಷದಲ್ಲಿ. ಮೊದಲ ಸಲ ಬರೆಯುವಾಗ ಆ ಕಥೆ ನಡೆದೇ ಇರಲಿಲ್ಲ. ಪ್ರಬಂಧಕ್ಕೆ ಕಸುವು ಕೊಟ್ಟದ್ದು ಅವಳು ಊರಲ್ಲಿ ಮಾಡಿದ ಕೆಲಸ. ತಿರಸ್ಕಾರದ ಇಮೇಲ್ ಬಾರದಿದ್ದರೂ ಆ ಕೆಲಸವನ್ನು ಅವಳು ಮಾಡುತ್ತಿದ್ದಳು ಎಂದೇ ನನ್ನ ನಂಬಿಕೆ.

ಹಣದ ಮಾತೂ ಇದೆ. ವಿಶ್ವವಿದ್ಯಾಲಯಗಳು ಕೇಳುವ ಐಇಎಲ್‌ಟಿಎಸ್ ಪರೀಕ್ಷೆಯ ಅಂಕ 2 ವರ್ಷ ಮಾತ್ರ ನಡೆಯುತ್ತದೆ, ಆಮೇಲೆ ಮತ್ತೆ ಶುಲ್ಕ ಕಟ್ಟಬೇಕು. ಮನೆಯಲ್ಲಿ ಮದುವೆಯ ಒತ್ತಾಯ, ಕೆಲಸದಲ್ಲಿ ಗುತ್ತಿಗೆ ಮುಗಿಯುವ ಚಿಂತೆ. 'ಸೋಲಿನಿಂದ ಕಲಿತು ಮತ್ತೆ ಬಾ' ಎನ್ನುವುದು ಇನ್ನೊಂದು ವರ್ಷ ಕಾಯಬಲ್ಲವರಿಗೆ ಹೇಳುವ ಮಾತು. ಕನ್ನಡ ಮಾಧ್ಯಮದಲ್ಲಿ ಓದಿ, ಮನೆಯಲ್ಲಿ ಮೊದಲು ಪದವಿ ಪಡೆದವಳು ಒಂದು ಸಲ ಧೈರ್ಯ ಮಾಡಿ ಅರ್ಜಿ ಹಾಕಿ, ಕಾರಣವಿಲ್ಲದ 'ಇಲ್ಲ' ಕೇಳಿದ ಮೇಲೆ, ತಪ್ಪೆಲ್ಲ ತನ್ನ ಇಂಗ್ಲಿಷಿನದೇ ಎಂದುಕೊಂಡು ಸುಮ್ಮನಾಗುತ್ತಾಳೆ.

ಅದಕ್ಕೇ ನನ್ನ ಬೇಡಿಕೆ ಇರುವುದು ಅರ್ಜಿದಾರರ ಮುಂದಲ್ಲ, ವಿದ್ಯಾರ್ಥಿವೇತನ ಕೊಡುವವರ ಮುಂದೆ. ಅರ್ಜಿ ಓದುವವರು ಹೇಗೂ ಅಂಕ ಹಾಕಿಯೇ ಹಾಕುತ್ತಾರೆ. ಟಿಪ್ಪಣಿ ಬರೆಯಲು ಪುರುಸೊತ್ತಿಲ್ಲದಿದ್ದರೆ, ಯಾವ ಉತ್ತರಕ್ಕೆ ಎಷ್ಟು ಅಂಕ ಬಂತು ಎಂಬುದನ್ನಾದರೂ ಆ ಇಮೇಲ್‌ನಲ್ಲಿ ತಿಳಿಸಲಿ.