ಎರಡನೇ ಅಧ್ಯಾಯಕ್ಕೆ ಇಷ್ಟು ತಾತ್ಸಾರ ಏಕೆ?

ಯಾವುದಾದರೂ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗಿ, ಸಾಲಾಗಿ ಜೋಡಿಸಿಟ್ಟ ಪಿಎಚ್.ಡಿ. ಪ್ರಬಂಧಗಳ ಎರಡನೇ ಅಧ್ಯಾಯವನ್ನಷ್ಟೇ ತಿರುವಿ ನೋಡಿ. ‘ಇಂಥವರು (2009) ಇಂಥ ವಿಷಯದ ಮೇಲೆ ಅಧ್ಯಯನ ನಡೆಸಿದರು, ಅವರ ಪ್ರಕಾರ...’ ಎಂದು ಶುರುವಾಗುವ ಪ್ಯಾರಾಗಳು ಹಲವು ಪ್ರಬಂಧಗಳಲ್ಲಿ ನಲವತ್ತು, ಐವತ್ತು ಪುಟ ಸಾಗುತ್ತವೆ. ಒಂದು ಪ್ಯಾರಾಕ್ಕೂ ಮುಂದಿನ ಪ್ಯಾರಾಕ್ಕೂ ಸಂಬಂಧ ಇರುವುದಿಲ್ಲ. ಕೊನೆಯಲ್ಲಿ ಮಾತ್ರ ತಪ್ಪದೇ ಒಂದು ವಾಕ್ಯ ಬರುತ್ತದೆ: ‘ಈ ವಿಷಯದ ಬಗ್ಗೆ ಹೆಚ್ಚಿನ ಅಧ್ಯಯನಗಳು ನಡೆದಿಲ್ಲ.’

ನಡೆದಿಲ್ಲ ಎಂದು ಗೊತ್ತಾಗಿದ್ದು ಹೇಗೆ? ಎಲ್ಲಿ ಹುಡುಕಿದರು, ಯಾವ ಪದ ಹಾಕಿ ಹುಡುಕಿದರು, ಸಿಕ್ಕಿದ್ದೆಷ್ಟು, ಬಿಟ್ಟಿದ್ದೆಷ್ಟು, ಬಿಟ್ಟಿದ್ದೇಕೆ? ಈ ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಕೊಡುವ ಕೆಲಸಕ್ಕೇ ‘ಸಿಸ್ಟಮ್ಯಾಟಿಕ್ ಲಿಟರೇಚರ್ ರಿವ್ಯೂ’ ಎನ್ನುತ್ತಾರೆ. ಕನ್ನಡದಲ್ಲಿ ವ್ಯವಸ್ಥಿತ ಸಾಹಿತ್ಯ ಪರಾಮರ್ಶೆ ಎನ್ನಬಹುದು. (ಹೀಗೆಂದರೆ ಮನೆಯವರು, ‘ಎಕನಾಮಿಕ್ಸ್ ಓದೋನಿಗೆ ಸಾಹಿತ್ಯ ಯಾಕಪ್ಪಾ?’ ಎಂದು ಕೇಳುವುದು ಖಚಿತ. ಇಲ್ಲಿ ಸಾಹಿತ್ಯವೆಂದರೆ ಆ ವಿಷಯದ ಮೇಲೆ ಈವರೆಗೆ ನಡೆದ ಸಂಶೋಧನೆ, ಅಷ್ಟೆ.)

ಇದೇನು ಕಾಗದದ ಮೇಲಿನ ಶಿಸ್ತು, ಮಾಡದಿದ್ದರೆ ಯಾರ ಗಂಟು ಹೋಗುತ್ತದೆ ಎನ್ನುವವರಿಗೆ ವೈದ್ಯಕೀಯದ ಒಂದು ಕತೆ ಗೊತ್ತಿರಬೇಕು. ಅವಧಿಗೆ ಮುಂಚೆ ಹೆರಿಗೆಯಾಗುವ ಸೂಚನೆ ಇರುವ ತಾಯಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟರೆ ಮಗುವಿನ ಶ್ವಾಸಕೋಶ ಬೇಗ ಬಲಿತು, ಅದು ಬದುಕುವ ಸಾಧ್ಯತೆ ಹೆಚ್ಚುತ್ತದೆ ಎಂದು ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ ಎಂಬ ವೈದ್ಯರು 1972ರಲ್ಲೇ ಪ್ರಕಟಿಸಿದ್ದರು. ಆಮೇಲೆ ಬೇರೆ ಬೇರೆ ಕಡೆ ಹಲವು ಪ್ರಯೋಗಗಳು ನಡೆದವು. ಬಿಡಿಬಿಡಿಯಾಗಿ ನೋಡಿದರೆ ಕೆಲವು ‘ಉಪಯೋಗವಿದೆ’ ಎನ್ನುತ್ತಿದ್ದವು, ಕೆಲವು ‘ಖಚಿತವಾಗಿ ಹೇಳಲಾಗದು’ ಎನ್ನುತ್ತಿದ್ದವು. ಎಲ್ಲವನ್ನೂ ಒಟ್ಟಿಗಿಟ್ಟು ಲೆಕ್ಕ ಹಾಕಿದಾಗ ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ. ಆದರೆ ಹಾಗೆ ಒಟ್ಟಿಗಿಟ್ಟು ನೋಡುವ ಹೊತ್ತಿಗೆ ಹೆಚ್ಚುಕಡಿಮೆ ಎರಡು ದಶಕಗಳು ಕಳೆದಿದ್ದವು. ಆ ನಡುವೆ ಉಳಿಯಬಹುದಾಗಿದ್ದ ಎಷ್ಟೋ ಕೂಸುಗಳು ಉಳಿಯಲಿಲ್ಲ. 1993ರಲ್ಲಿ ಆರಂಭವಾದ ಕೊಕ್ರೇನ್ ಸಂಸ್ಥೆಯ ಲಾಂಛನದಲ್ಲಿ ಇಂದಿಗೂ ಇರುವುದು ಇದೇ ಪ್ರಯೋಗಗಳ ನಕ್ಷೆ. ಅಡ್ಡಡ್ಡ ಏಳು ಗೆರೆ, ಒಂದೊಂದು ಗೆರೆ ಒಂದೊಂದು ಪ್ರಯೋಗ.

ನಮ್ಮ ದೇಶದ ಉದಾಹರಣೆಯೂ ಇದೆ. ಚಿಕ್ಕ ಮಕ್ಕಳಿಗೆ ವಿಟಮಿನ್ ‘ಎ’ ಕೊಟ್ಟರೆ ಸಾವು ಎಷ್ಟು ಕಡಿಮೆಯಾಗುತ್ತದೆ? ಆಗಿನವರೆಗಿನ ಪ್ರಯೋಗಗಳನ್ನು ಕೂಡಿಸಿ ಕೊಕ್ರೇನ್ ಪರಾಮರ್ಶೆ 2010ರಲ್ಲಿ ಕೊಟ್ಟ ಉತ್ತರ ಶೇ 24. ಅದಕ್ಕೂ ಮೊದಲೇ, 1999ರಿಂದ 2004ರವರೆಗೆ, ಉತ್ತರ ಪ್ರದೇಶದ ಅಂಗನವಾಡಿಗಳ ಮೂಲಕ ಸುಮಾರು 10 ಲಕ್ಷ ಮಕ್ಕಳನ್ನು ಒಳಗೊಂಡ ಒಂದು ಬೃಹತ್ ಪ್ರಯೋಗ ನಡೆದಿತ್ತು. ಅದರ ಪೂರ್ಣ ಫಲಿತಾಂಶ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದಿದ್ದು 2013ರಲ್ಲಿ. ಅಲ್ಲಿ ಕಂಡ ಇಳಿಕೆ ಶೇ 4ರಷ್ಟು ಮಾತ್ರ. ಅದನ್ನೂ ಸೇರಿಸಿ 2017ರಲ್ಲಿ ಮತ್ತೆ ಲೆಕ್ಕ ಹಾಕಿದಾಗ ಉತ್ತರ ಶೇ 12ಕ್ಕೆ ಇಳಿಯಿತು. ಉತ್ತರ ಪ್ರದೇಶದಲ್ಲಿ ವಿಟಮಿನ್ ನಿಜವಾಗಿಯೂ ಎಲ್ಲ ಮಕ್ಕಳ ಬಾಯಿಗೆ ಬಿದ್ದಿತ್ತೇ ಎಂಬ ತಕರಾರು ತಜ್ಞರ ನಡುವೆ ಇದ್ದೇ ಇದೆ. ಆ ತಕರಾರೂ ಪರಾಮರ್ಶೆಯ ಭಾಗವೇ. ಸಿಕ್ಕ ಅಧ್ಯಯನವನ್ನೆಲ್ಲ ಒಂದೇ ತಕ್ಕಡಿಗೆ ಸುರಿಯುವುದಲ್ಲ, ಪ್ರತಿಯೊಂದರ ಗಟ್ಟಿತನವನ್ನೂ ತೂಗಿ ನೋಡಬೇಕು. ಪ್ರಕಟವಾಗದೇ ಉಳಿದ ಒಂದು ಅಧ್ಯಯನ ಉತ್ತರವನ್ನೇ ಅರ್ಧಕ್ಕಿಳಿಸಬಲ್ಲದು ಎಂದಮೇಲೆ, ಗೂಗಲ್ ಸ್ಕಾಲರ್‌ನ ಮೊದಲ ಪುಟದಲ್ಲಿ ಸಿಕ್ಕ ಹತ್ತು ಲೇಖನಗಳನ್ನು ನಂಬಿ ಕೂರುವುದು ಎಷ್ಟು ಸರಿ?

ವಿಧಾನ ಕಷ್ಟದ್ದಲ್ಲ, ಆದರೆ ತಾಳ್ಮೆ ಬೇಡುತ್ತದೆ. ಮೊದಲು ಪ್ರಶ್ನೆ. ‘ಮಧ್ಯಾಹ್ನದ ಬಿಸಿಯೂಟ: ಒಂದು ಅಧ್ಯಯನ’ ಎಂಬುದು ಪ್ರಶ್ನೆಯಲ್ಲ, ತಲೆಬರಹ. ‘ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ ಕೊಟ್ಟ ಮಕ್ಕಳ ತೂಕ, ಎತ್ತರ, ಹಾಜರಾತಿಯು ಕೊಡದ ಮಕ್ಕಳಿಗಿಂತ ಬೇರೆಯಾಗಿದೆಯೇ?’ ಎಂಬುದು ಪ್ರಶ್ನೆ. ಯಾರಿಗೆ, ಏನು ಕೊಟ್ಟಾಗ, ಯಾವುದಕ್ಕೆ ಹೋಲಿಸಿ, ಏನನ್ನು ಅಳೆಯಬೇಕು ಎಂಬ ನಾಲ್ಕೂ ಅದರಲ್ಲಿವೆ. ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ 2021ರ ಡಿಸೆಂಬರ್‌ನಲ್ಲಿ ಮೊಟ್ಟೆ ಕೊಡಲು ಶುರು ಮಾಡಿದಾಗ ಎದ್ದ ಗದ್ದಲ ನೆನಪಿರಬಹುದು. ಇಂಥ ಚರ್ಚೆಗಳಲ್ಲಿ ಪರ ಇರುವವರೂ ವಿರೋಧಿಸುವವರೂ ತಮಗೆ ಒಪ್ಪುವ ಒಂದು ಅಧ್ಯಯನವನ್ನು ಎತ್ತಿ ತೋರಿಸಬಹುದು. ಎಲ್ಲ ಅಧ್ಯಯನಗಳನ್ನೂ ಮುಂದಿಟ್ಟುಕೊಂಡು ಕೂತವರು ಎಷ್ಟು ಮಂದಿ?

ಪ್ರಶ್ನೆ ಸಿದ್ಧವಾದ ಮೇಲೆ, ಯಾವ ಅಧ್ಯಯನ ಒಳಗೆ, ಯಾವುದು ಹೊರಗೆ ಎಂಬ ನಿಯಮವನ್ನು ಹುಡುಕುವುದಕ್ಕೆ ಮೊದಲೇ ಬರೆದಿಡಬೇಕು. ಆಮೇಲೆ ಬರೆದರೆ ನಮಗೆ ಹಿಡಿಸಿದ್ದು ಒಳಗೆ ಉಳಿಯುತ್ತದೆ, ಹಿಡಿಸದ್ದಕ್ಕೆ ಏನಾದರೊಂದು ಕಾರಣ ಹುಟ್ಟಿಕೊಳ್ಳುತ್ತದೆ. ಮನುಷ್ಯ ಸ್ವಭಾವ. ಅದಕ್ಕೇ ಆರೋಗ್ಯ ಸಂಬಂಧಿ ಪರಾಮರ್ಶೆಗಳನ್ನು ಮುಂಗಡವಾಗಿ ನೋಂದಾಯಿಸಲು ‘ಪ್ರಾಸ್ಪೆರೊ’ ಎಂಬ ವ್ಯವಸ್ಥೆ 2011ರಿಂದ ಇದೆ. ವರದಿ ಹೇಗಿರಬೇಕು ಎಂಬುದಕ್ಕೆ ‘ಪ್ರಿಸ್ಮಾ’ ಎಂಬ 27 ಅಂಶಗಳ ಪಟ್ಟಿ ಇದೆ, ಅದು 2020ರಲ್ಲಿ ಪರಿಷ್ಕರಣೆಯಾಗಿದೆ. ಸಿಕ್ಕವು ಎಷ್ಟು, ಎರಡೆರಡು ಸಲ ಬಂದವು ಎಷ್ಟು, ಶೀರ್ಷಿಕೆ ನೋಡಿ ಬಿಟ್ಟದ್ದು ಎಷ್ಟು, ಪೂರ್ತಿ ಓದಿ ಬಿಟ್ಟದ್ದು ಎಷ್ಟು, ಕೊನೆಗೆ ಉಳಿದವು ಎಷ್ಟು ಎಂದು ಒಂದೇ ಚಿತ್ರದಲ್ಲಿ ತೋರಿಸಬೇಕು. ಆರಿಸುವ ಕೆಲಸವನ್ನು ಇಬ್ಬರು ಬೇರೆ ಬೇರೆಯಾಗಿ ಮಾಡಿ ತಾಳೆ ನೋಡಬೇಕು. ಒಬ್ಬರೇ ಪಿಎಚ್.ಡಿ. ಮಾಡುವವರಿಗೆ ಇದು ಪೇಚಿನ ಸಂಗತಿ. ಹಾಸ್ಟೆಲ್ಲಿನ ಗೆಳೆಯನೋ ಗೆಳತಿಯೋ ಈ ಕೆಲಸ ಮಾಡಿಕೊಟ್ಟರೆ, ಪ್ರತಿಯಾಗಿ ಅವರದ್ದನ್ನು ನಾವು ಮಾಡಿಕೊಡಬಹುದು.

ನಮ್ಮಲ್ಲಿ ಇದಕ್ಕೊಂದು ಹೆಚ್ಚಿನ ತೊಡಕೂ ಉಂಟು. ಕನ್ನಡದಲ್ಲಿ ಬರೆದ ಸಂಶೋಧನೆ ಅಂತರರಾಷ್ಟ್ರೀಯ ದತ್ತಾಂಶಕೋಶಗಳಲ್ಲಿ ಸಿಗುವುದು ಅಪರೂಪ. ‘ಶೋಧಗಂಗಾ’ದಲ್ಲಿ ಸಿಕ್ಕರೂ ಸರಿಯಾದ ಪದ ಹಾಕಬೇಕು. ಸ್ವಸಹಾಯ ಸಂಘ, ಸ್ವ-ಸಹಾಯ ಗುಂಪು, ಸ್ತ್ರೀಶಕ್ತಿ ಸಂಘ, ಎಸ್.ಎಚ್.ಜಿ. ಎಂದು ಒಂದೇ ಸಂಗತಿಗೆ ನಾಲ್ಕು ಹೆಸರುಗಳಿವೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಶೀರ್ಷಿಕೆಗಳ ಕಾಗುಣಿತವಂತೂ ಒಬ್ಬೊಬ್ಬರದು ಒಂದೊಂದು. ಇಂಗ್ಲಿಷಿನಲ್ಲಿ ಮಾತ್ರ ಹುಡುಕಿ ‘ಅಧ್ಯಯನಗಳು ನಡೆದಿಲ್ಲ’ ಎಂದು ಬರೆದರೆ, ಧಾರವಾಡದಲ್ಲೋ ಹಂಪಿಯಲ್ಲೋ ಯಾರೋ ಐದು ವರ್ಷ ಊರೂರು ಅಲೆದು ಮಾಡಿದ ಕೆಲಸವನ್ನು ಅಳಿಸಿ ಹಾಕಿದಂತೆ. ಚಾಟ್‌ಬಾಟ್ ಕೇಳಿದರೆ ಒಂದೇ ನಿಮಿಷದಲ್ಲಿ ಪಟ್ಟಿ ಕೊಡುತ್ತದೆ ನಿಜ. ಇಲ್ಲದ ಲೇಖಕರು ಬರೆಯದ ಲೇಖನಗಳೂ ಆ ಪಟ್ಟಿಯಲ್ಲಿ ಇರಬಹುದು.

ಹಣದ ನೆಪ ಮೊದಲಿನಷ್ಟು ನಡೆಯುವುದಿಲ್ಲ. ‘ಒಂದು ದೇಶ, ಒಂದು ಚಂದಾ’ ಯೋಜನೆಯಡಿ 2025ರ ಜನವರಿಯಿಂದ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು ಓದುವ ಅವಕಾಶ ಸಿಕ್ಕಿದೆ. ಉಲ್ಲೇಖ ಜೋಡಿಸಿಡುವ ‘ಝೊಟೆರೊ’ ಉಚಿತ. ಪ್ರಯೋಗಾಲಯ ಬೇಡ, ಸರ್ವೆಗೆ ಬಸ್ ಚಾರ್ಜೂ ಬೇಡ. ಎಂ.ಎ., ಎಂ.ಎಸ್ಸಿ. ಕೊನೆಯ ಸೆಮಿಸ್ಟರ್‌ನಲ್ಲಿ ನೂರು ಜನರಿಗೆ ಗೂಗಲ್ ಫಾರ್ಮ್ ಕಳಿಸಿ, ಬಂದ ಅರವತ್ತು ಉತ್ತರಕ್ಕೆ ಪೈ ಚಾರ್ಟ್ ಹಾಕುವ ಪ್ರಾಜೆಕ್ಟಿಗಿಂತ, ಒಂದು ಚಿಕ್ಕ ಪ್ರಶ್ನೆಯ ಮೇಲೆ ಪ್ರಾಮಾಣಿಕ ಪರಾಮರ್ಶೆ ಮಾಡುವುದು ಎಷ್ಟೋ ಮೇಲು. ಕೆಲಸಕ್ಕೆ ಅರ್ಜಿ ಹಾಕುವಾಗಲೂ ‘ಇಷ್ಟು ಓದಿ, ಇಷ್ಟು ಬಿಟ್ಟು, ಈ ನಿರ್ಧಾರಕ್ಕೆ ಬಂದೆ’ ಎಂದು ತೋರಿಸಲು ಕೈಯಲ್ಲೊಂದು ದಾಖಲೆ ಇರುತ್ತದೆ.

ವಿದ್ಯಾರ್ಥಿಗಳನ್ನಷ್ಟೇ ದೂರಿ ಪ್ರಯೋಜನವಿಲ್ಲ. ಎರಡನೇ ಅಧ್ಯಾಯವನ್ನು ಪುಟದ ಲೆಕ್ಕದಲ್ಲಿ ಅಳೆಯುವ ಗೈಡ್‌ಗಳಿದ್ದಾರೆ. ನಕಲು ಪತ್ತೆ ತಂತ್ರಾಂಶ ಶೇ 10ಕ್ಕಿಂತ ಕಡಿಮೆ ತೋರಿಸಿದರೆ ಸಾಕು, ಒಳಗೆ ಏನಿದೆ ಎಂದು ಕೇಳದ ಸಮಿತಿಗಳಿವೆ. ವಾಕ್ಯ ತಿರುಚಿ ಬರೆದರೆ ಆ ಶೇಕಡಾವಾರು ಇಳಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಪಿಎಚ್.ಡಿ. ಕೋರ್ಸ್‌ವರ್ಕ್‌ನಲ್ಲಿ ಒಂದು ಪೂರ್ತಿ ಪರಾಮರ್ಶೆ ಮಾಡಿಸಬೇಕು, ಗ್ರಂಥಪಾಲಕರನ್ನು ಪುಸ್ತಕ ಕೊಡುವ ಕಿಟಕಿಯಿಂದ ತರಗತಿಗೆ ಕರೆತಂದು ಹುಡುಕುವುದನ್ನು ಅವರಿಂದಲೇ ಕಲಿಸಬೇಕು. ಸಿನಾಪ್ಸಿಸ್ ಒಪ್ಪಿಸುವ ದಿನವೇ ಅಭ್ಯರ್ಥಿಯು ತಾನು ಬಳಸಿದ ಪದಗಳು, ಹುಡುಕಿದ ತಾಣಗಳು, ದಿನಾಂಕಗಳು ಇರುವ ಒಂದು ಹಾಳೆಯನ್ನು ಲಗತ್ತಿಸಬೇಕು ಎಂಬ ನಿಯಮ ತಂದರೂ ಸಾಕು. ಅದಕ್ಕೆ ಹೊಸ ಅನುದಾನವೇನೂ ಬೇಕಿಲ್ಲ, ಮುಂದಿನ ಸಂಶೋಧನಾ ಸಮಿತಿ ಸಭೆಯ ಒಂದು ನಿರ್ಣಯ ಸಾಕು.