ಕರಿ ಡಬ್ಬಿ ಕಿತ್ತರೆ ಯಾರ ಗಂಟು ಹೋಯಿತು?

ಈಗಿನ ಪೆಟ್ರೋಲ್ ಗಾಡಿಗಳಲ್ಲಿ ಒಂದು ಕರಿ ಡಬ್ಬಿ ಇರುತ್ತದೆ. ಗ್ಯಾರೇಜಿನ ಭಾಷೆಯಲ್ಲಿ ಅದು ಕ್ಯಾನಿಸ್ಟರ್. ಕಾರಿನಲ್ಲಿ ದೊಡ್ಡದು, ಬೈಕು-ಸ್ಕೂಟರಿನಲ್ಲಿ ಚಿಕ್ಕದು. ಗಾಡಿ ಮಿಸ್ಸಿಂಗ್ ಹೊಡೀತಿದೆ, ಪೆಟ್ರೋಲ್ ವಾಸನೆ ಬರ್ತಿದೆ ಅಂತ ಗ್ಯಾರೇಜಿಗೆ ಒಯ್ದರೆ ಎಷ್ಟೋ ಕಡೆ ಮೊದಲ ಕತ್ತರಿ ಬೀಳುವುದು ಇದರ ಕೊಳವೆಗೇ. "ಇದು ಗೌರ್ಮೆಂಟಿನ ಸಲುವಾಗಿ ಹಾಕಿರೋದು ಸಾರ್, ಗಾಡಿಗೇನೂ ಬೇಕಿಲ್ಲ. ತೆಗೆದು ಒಗೀರಿ. ಪಿಕಪ್ ಬರುತ್ತೆ, ಮೈಲೇಜು ಬರುತ್ತೆ. ಯಾರ ಗಂಟು ಹೋಗುತ್ತೆ?"

ಈ ಮಾತಿಗೆ ತಲೆಯಾಡಿಸುವವರು ಊರೂರಲ್ಲಿದ್ದಾರೆ. ನಮ್ಮ ದಾವಣಗೆರೆಯೂ ಇದಕ್ಕೆ ಹೊರತಲ್ಲ. ಯಾರ ಗಂಟು ಹೋಗುತ್ತದೆ ಎಂಬ ಲೆಕ್ಕವನ್ನು ಇವತ್ತು ಬಿಡಿಸಿಯೇ ನೋಡೋಣ.

ಪೆಟ್ರೋಲ್ ಸುಮ್ಮನೆ ಕೂರುವ ಪದಾರ್ಥವಲ್ಲ. ಗಾಡಿ ನಿಂತಿದ್ದರೂ ಬಿಸಿಲು ಏರಿದಂತೆ ಟ್ಯಾಂಕಿನೊಳಗೆ ಆವಿಯಾಗುತ್ತಲೇ ಇರುತ್ತದೆ. ಹಿಂದಿನ ಸ್ಕೂಟರುಗಳಲ್ಲಿ ಟ್ಯಾಂಕಿನ ಮುಚ್ಚಳಕ್ಕೇ ಒಂದು ಸಣ್ಣ ತೂತು. ಆವಿ ನೇರ ಬೀದಿಗೆ. ಈಗಿನ ಗಾಡಿಯಲ್ಲಿ ಅದು ಕೊಳವೆ ಹಾದು ಕರಿ ಡಬ್ಬಿ ಸೇರುತ್ತದೆ. ಡಬ್ಬಿಯೊಳಗಿರುವುದು ಇದ್ದಿಲು. ಒಲೆಯ ಇದ್ದಿಲಲ್ಲ, ಕಾರ್ಖಾನೆಯಲ್ಲಿ ಹದಮಾಡಿದ್ದು. ತೆಂಗಿನ ಚಿಪ್ಪಿನಿಂದಲೂ ಈ ಜಾತಿಯ ಇದ್ದಿಲು ಮಾಡುತ್ತಾರೆ. ಇದರಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ಎಷ್ಟೆಂದರೆ, ಒಂದೇ ಒಂದು ಗ್ರಾಂ ಇದ್ದಿಲಿನ ಒಳಮೈಯನ್ನು ಬಿಡಿಸಿ ಹಾಸಿದರೆ 500 ಚದರ ಮೀಟರಿಗೂ ಹೆಚ್ಚು, ಅಂದರೆ ನಾಲ್ಕು 30-40 ಸೈಟಿಗಿಂತ ದೊಡ್ಡದು! ಆವಿ ಅಲ್ಲಿ ಅಂಟಿ ಕೂರುತ್ತದೆ. ಎಂಜಿನ್ ಓಡುವಾಗ ಒಂದು ವಾಲ್ವು ತೆರೆದು ಆ ಆವಿಯನ್ನು ಗಾಳಿಯೊಂದಿಗೆ ಒಳಕ್ಕೆ ಎಳೆದುಕೊಳ್ಳುತ್ತದೆ. ಎಂಜಿನ್ ಅದನ್ನೂ ಸುಟ್ಟು ಗಾಡಿ ಓಡಿಸುತ್ತದೆ.

ಅಂದಮೇಲೆ ಡಬ್ಬಿಯಲ್ಲಿರುವುದು ಬೇರೇನಲ್ಲ, ಬಂಕಿನಲ್ಲಿ ನೀವು ದುಡ್ಡು ಎಣಿಸಿ ಹಾಕಿಸಿದ ಪೆಟ್ರೋಲೇ. ಅದನ್ನು ಬೀದಿಗೆ ಬಿಟ್ಟರೆ ಮೈಲೇಜು ಬರುವುದಾದರೂ ಎಲ್ಲಿಂದ? ಲಾಭ ಕೊಂಚವೇ ಇರಬಹುದು, ಆದರೆ ಅದು ಡಬ್ಬಿಯ ಕಡೆಗಿದೆ, ಕತ್ತರಿಯ ಕಡೆಗಿಲ್ಲ. ಪಿಕಪ್ಪಿನ ಮಾತೂ ಪೊಳ್ಳು. ನೆಟ್ಟಗಿರುವ ಡಬ್ಬಿ ಎಂಜಿನ್ನಿನ ಶಕ್ತಿ ತಿನ್ನುವುದಿಲ್ಲ.

ಹಾಗಂತ ಗಾಡಿ ಮಾಲೀಕರ ದೂರು ಸುಳ್ಳು ಅಂತ ನಾವು ಹೇಳುವುದಿಲ್ಲ. ವಾಲ್ವು ತೆರೆದೇ ಸಿಕ್ಕಿಕೊಂಡರೆ ಎಂಜಿನ್ ತೂಕಡಿಸುತ್ತದೆ, ಪೆಟ್ರೋಲ್ ಹಾಕಿಸಿದ ಮೇಲೆ ಬೇಗ ಸ್ಟಾರ್ಟ್ ಆಗುವುದಿಲ್ಲ. ಕೊಳವೆ ಸೀಳಿದರೆ ವಾಸನೆ ಹೊಡೆಯುತ್ತದೆ. ಗಾಳಿದಾರಿ ಕಟ್ಟಿಕೊಂಡರೆ ಟ್ಯಾಂಕಿಗೆ ಉಸಿರಾಡಲಾಗದೆ ಪೆಟ್ರೋಲ್ ಇಳಿಯುವುದಿಲ್ಲ. ಕೆಲವು ಸಲ ತಪ್ಪು ನಮ್ಮದೇ. ಬಂಕಿನಲ್ಲಿ ಗನ್ ತಾನಾಗಿ 'ಟಕ್' ಅಂತ ನಿಂತ ಮೇಲೂ "ರೌಂಡ್ ಫಿಗರ್ ಮಾಡಪ್ಪ" ಅಂತ ಕಂಠಪೂರ್ತಿ ತುಂಬಿಸುತ್ತೇವೆ. ಆವಿ ಹೋಗಬೇಕಾದ ದಾರಿಯಲ್ಲಿ ಪೆಟ್ರೋಲೇ ನುಗ್ಗಿ ಇದ್ದಿಲು ತೊಯ್ದು ಕೆಡುತ್ತದೆ.

ಇವಕ್ಕೆಲ್ಲ ಮದ್ದು ಇದೆ. ವಾಲ್ವು ಹೋದರೆ ವಾಲ್ವು, ಕೊಳವೆ ಹೋದರೆ ಕೊಳವೆ, ಇದ್ದಿಲು ಕೆಟ್ಟರೆ ಡಬ್ಬಿ ಬದಲಿಸಬೇಕು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವವರುಂಟೆ? ಕಿತ್ತಮೇಲೆ ತೊಂದರೆ ಮುಗಿಯಿತು ಅನ್ನುವುದೂ ಭ್ರಮೆ. ಟ್ಯಾಂಕಿನಿಂದ ಬಂದ ಕೊಳವೆ ಗಾಳಿಗೆ ಬಾಯಿ ತೆರೆದುಕೊಂಡು ನೇತಾಡುತ್ತದೆ, ಹತ್ತಿರದಲ್ಲೇ ಕಾದ ಎಂಜಿನ್. ಬೆಂಕಿಯ ಜೊತೆ ಸರಸ ಯಾರಿಗೆ ಬೇಕು? ವಾಲ್ವಿನ ತಂತಿ ಕಿತ್ತರೆ ಹೊಸ ಕಾರುಗಳಲ್ಲಿ ಮುಂದಿನ ಎಂಜಿನ್ ದೀಪ ಹತ್ತಿ ಕೂರುತ್ತದೆ. ನಾಳೆ ಬೇರೆ ದೋಷ ಬಂದರೆ ತಿಳಿಸಲು ಆ ದೀಪಕ್ಕೆ ಬಾಯಿಯೇ ಇಲ್ಲ.

ಇನ್ನು ಆವಿ ಕುಡಿಯುವವರು ಯಾರು? ಗಾಡಿಯವನು ಗಾಡಿ ನಿಲ್ಲಿಸಿ ತನ್ನ ಕೆಲಸಕ್ಕೆ ಹೋಗುತ್ತಾನೆ. ಮಂಡಿಪೇಟೆ, ಚೌಕಿಪೇಟೆಗಳಲ್ಲಿ ಅಂಗಡಿ ಮೆಟ್ಟಿಲಿಗೆ ಒತ್ತಿ ಸಾಲುಗಟ್ಟಿ ನಿಂತ ಬಿಸಿಲಲ್ಲಿ ಕಾದ ಗಾಡಿಗಳ ಪಕ್ಕ ಬೆಳಗಿನಿಂದ ರಾತ್ರಿ ತನಕ ಕೂರುವವನು ಅಂಗಡಿಯವನು. ಪಿ.ಬಿ. ರಸ್ತೆಯಲ್ಲಿ ಬಸ್ಸಿಗೆ ಕಾಯುವವರು ಕಾರಿನವರೂ ಅಲ್ಲ, ಬೈಕಿನವರೂ ಅಲ್ಲ. ಗಾಡಿಯೇ ಇಲ್ಲದವನ ಮೂಗಿಗೆ ಗಾಡಿಯವನ ಪೆಟ್ರೋಲ್!

ಇದು ಬರೀ ವಾಸನೆಯ ಮಾತಲ್ಲ. ಪೆಟ್ರೋಲಿನಲ್ಲಿ ಬೆಂಜೀನ್ ಇದೆ. ಅದು ರಕ್ತದ ಕ್ಯಾನ್ಸರ್ ತರುವ ವಸ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಪಟ್ಟಿ ಮಾಡಿದೆ. ಅದಕ್ಕೇ ನಮ್ಮ ಪೆಟ್ರೋಲಿನಲ್ಲಿ ಅದು ನೂರಕ್ಕೆ 1 ಪಾಲು ಮೀರಬಾರದೆಂಬ ಕಟ್ಟಳೆ. ಆವಿಯ ಉಳಿದ ಭಾಗ ವಾಹನಗಳ ಹೊಗೆಯೊಂದಿಗೆ ಬಿಸಿಲಿನಲ್ಲಿ ಬೆರೆತು ಓಜೋನ್ ಆಗುತ್ತದೆ. ಆಕಾಶದ ಮೇಲಿದ್ದರೆ ಕಾಪಾಡುವ ಓಜೋನ್ ನೆಲದ ಮೇಲೆ ಎದೆಗೂಡಿಗೆ ಶತ್ರು. ಅಮೆರಿಕದ ಲಾಸ್ ಏಂಜಲೀಸ್ ಊರು ಕಣ್ಣುರಿಯಿಂದ ನರಳುತ್ತಿದ್ದಾಗ ಈ ಗುಟ್ಟು ಬಿಡಿಸಿದವರು ಹಾಗನ್-ಸ್ಮಿತ್ ಎಂಬ ವಿಜ್ಞಾನಿ, 1950ರ ದಶಕದಲ್ಲಿ. ಅಲ್ಲಿನ ಕ್ಯಾಲಿಫೋರ್ನಿಯಾ ರಾಜ್ಯ 1970ರ ಮಾದರಿಯ ಕಾರುಗಳಿಂದಲೇ ಆವಿ ಹಿಡಿಯುವ ಸಲಕರಣೆ ಕಡ್ಡಾಯ ಮಾಡಿತು.

ನಮ್ಮಲ್ಲಿ 2020ರ ಏಪ್ರಿಲ್ 1ರಿಂದ ಬಂದ ಬಿ.ಎಸ್.-6 ನಿಯಮದಂತೆ, ಮುಚ್ಚಿದ ಕೋಣೆಯಲ್ಲಿಟ್ಟು ಪರೀಕ್ಷಿಸಿದಾಗ ಕಾರಿನಿಂದ 2 ಗ್ರಾಂ, ಬೈಕು-ಸ್ಕೂಟರಿನಿಂದ 1.5 ಗ್ರಾಂ ಮೀರಿ ಆವಿ ಸೋರಬಾರದು. ಇಷ್ಟು ಬಿಗಿಯಾಗಿ ಕಟ್ಟಿದ್ದನ್ನು ಒಂದು ಸ್ಕ್ರೂಡ್ರೈವರು ಹತ್ತು ನಿಮಿಷದಲ್ಲಿ ಬಿಚ್ಚಿ ಹಾಕುತ್ತದೆ. "ನನ್ನ ಒಂದು ಗಾಡಿಯಿಂದ ಏನಾದೀತು?" ಅನ್ನಬೇಡಿ. ಹನಿ ಹನಿ ಕೂಡಿದರೆ ಹಳ್ಳ. 2019ರಲ್ಲಿ ಕೇಂದ್ರ ಸರ್ಕಾರ ಶುದ್ಧ ಗಾಳಿಯ ಯೋಜನೆ ಹೊರಡಿಸಿದಾಗ ಗಾಳಿ ಕೆಟ್ಟ ಊರುಗಳ ಪಟ್ಟಿಯಲ್ಲಿ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಜೊತೆ ನಮ್ಮ ದಾವಣಗೆರೆಯ ಹೆಸರೂ ಇತ್ತು. ಅದು ಮುಖ್ಯವಾಗಿ ಧೂಳಿನ ಲೆಕ್ಕ. ಧೂಳು ಕುಡಿದಿದ್ದು ಸಾಲದೆಂದು ಪೆಟ್ರೋಲನ್ನೂ ಕುಡಿಯಬೇಕೆ?

ಕಾನೂನು ಇಲ್ಲವೆ? ಇದೆ. ಕಂಪನಿ ಕೊಟ್ಟ ಗಾಡಿಯನ್ನು ಮನಸೋ ಇಚ್ಛೆ ಬದಲಿಸುವಂತಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 182ಎ ಕಲಮಿನ ಪ್ರಕಾರ, ಅನುಮತಿಯಿಲ್ಲದೆ ಗಾಡಿ ಬದಲಿಸಿದ ಮಾಲೀಕನಿಗೆ ಆರು ತಿಂಗಳ ತನಕ ಸಜೆ, ಇಲ್ಲವೆ ಒಂದೊಂದು ಬದಲಾವಣೆಗೆ ರೂ. 5,000 ದಂಡ, ಇಲ್ಲವೆ ಎರಡೂ. ಗಮನಿಸಿ, ದಂಡ ಬೀಳುವುದು ಮಾಲೀಕನಿಗೆ. "ಒಗೀರಿ" ಅಂದ ಮೇಸ್ತ್ರಿ ಆಗ ಜೊತೆಗೆ ಬರುವುದಿಲ್ಲ.

ಆದರೆ ಹಿಡಿಯುವವರು ಯಾರು? ಎಮಿಷನ್ ಟೆಸ್ಟಿನಲ್ಲಿ ಸೈಲೆನ್ಸರಿಗೆ ಕೊಳವೆ ತೂರಿಸಿ ಹೊಗೆ ಅಳೆಯುತ್ತಾರೆ. ಆವಿ ಹೋಗುವುದು ಸೈಲೆನ್ಸರಿನಿಂದಲ್ಲ. ಡಬ್ಬಿ ಇದೆಯೋ ಇಲ್ಲವೋ ಆ ಯಂತ್ರಕ್ಕೆ ಗೊತ್ತಾಗುವುದೇ ಇಲ್ಲ. ಕಿತ್ತ ಗಾಡಿಯೂ ಪಾಸು, ಕೈಗೆ ಸರ್ಟಿಫಿಕೇಟು! ಮುಂಬಾಗಿಲಿಗೆ ಕಾವಲು, ಹಿತ್ತಲ ಬಾಗಿಲು ಹಾರು ಹೊಡೆದಿದೆ.

ದೊಡ್ಡ ಯಂತ್ರ ತರಿಸಿ ಅಂತ ನಾವು ಕೇಳುತ್ತಿಲ್ಲ. ಹೊಗೆ ತಪಾಸಣೆಯ ಹೊತ್ತಿಗೆ ಡಬ್ಬಿ, ಕೊಳವೆ, ವಾಲ್ವು ಜಾಗದಲ್ಲಿವೆಯೇ ಅಂತ ಬಗ್ಗಿ ನೋಡಲು ಎರಡು ನಿಮಿಷ ಸಾಕು. ಸಾರಿಗೆ ಇಲಾಖೆ ಇಷ್ಟನ್ನು ಕಡ್ಡಾಯ ಮಾಡಲಿ. ಗ್ಯಾರೇಜಿನವರನ್ನು ಕಳ್ಳರಂತೆ ಕಾಣದೆ, ಕರೆದು ಕೂರಿಸಿ ರಿಪೇರಿ ಕಲಿಸಲಿ. ಕಂಪನಿಗಳು ಹತ್ತಿಂಚು ಕೊಳವೆ ಹೋದರೆ ಇಡೀ ಸೆಟ್ಟಿನ ಬಿಲ್ಲು ಹಾಕದೆ ಬಿಡಿಭಾಗವನ್ನು ಬಿಡಿಯಾಗಿಯೇ, ಜನರ ಕೈಗೆಟಕುವ ಬೆಲೆಗೆ ಮಾರಲಿ. ದುಬಾರಿ ಬಿಲ್ಲೇ ಅರ್ಧ ಜನರನ್ನು ಕತ್ತರಿಯ ಕಡೆ ತಳ್ಳುವುದು.

ಅಲ್ಲಿಯ ತನಕ ಗಾಡಿಯವರು ಟ್ಯಾಂಕು ಕಂಠಪೂರ್ತಿ ತುಂಬಿಸುವುದನ್ನು ಬಿಡಲಿ, ಕತ್ತರಿ ಎತ್ತಿದ ಮೇಸ್ತ್ರಿಗೆ "ಬೇಡಪ್ಪ, ರಿಪೇರಿ ಮಾಡು" ಅನ್ನಲಿ. ಅಂಗಡಿಯವರೂ ಬಸ್ಸಿನವರೂ ಸುಮ್ಮನಿರಬೇಕಾಗಿಲ್ಲ. ಯಾರ ಗಂಟು ಹೋಗುತ್ತೆ ಅಂತ ಯಾರಾದರೂ ಕೇಳಿದರೆ ಧೈರ್ಯವಾಗಿ ಹೇಳಿ: ಪೆಟ್ರೋಲ್ ನಿಂದು, ಉಸಿರು ನಂದು.